ಅಪ್‌ಡೇಟ್: ಪದ್ಮಿನಿ ಕಾರಿನ ಹೆಡ್‌ಲೈಟ್ ಮಂಕಾಗಿದ್ದ ಸಮಸ್ಯೆ ಬಗೆಹರಿಯಿತು

ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯಲ್ಲಿ, ಬ್ಯಾಟರಿ ಹೊಸದಾಗಿದ್ದರೂ ಎಡಗಡೆಯ ಹೆಡ್‌ಲೈಟ್ ಮಂಕಾಗಿ ಉರಿಯುವುದೇಕೆ ಎಂದು ಕೇಳಿದ್ದೆ. ವೋಲ್ಟೇಜ್ ಎಲ್ಲಿ ಇಳಿಯುತ್ತಿದೆಯೆಂದು ಮಲ್ಟಿಮೀಟರ್‌ನಿಂದ ನೋಡಬೇಕೆಂಬ ಸಲಹೆಯಂತೆ, ದೀಪ ಉರಿಯುತ್ತಿರುವಾಗಲೇ ಅಳೆದೆ: ಬ್ಯಾಟರಿಯಲ್ಲಿ 12.3 ವೋಲ್ಟ್, ಬಲ್ಬಿನ ಹೋಲ್ಡರ್‌ನಲ್ಲಿ 9.8. ವೈರಿನ ಜಾಡು ಹಿಡಿದು ಹಿಂದಕ್ಕೆ ಹೋದಾಗ, ರೇಡಿಯೇಟರ್ ಪಕ್ಕದಲ್ಲಿ ಯಾರೋ ಹಿಂದೆ ಎಳೆಗಳನ್ನು ಸುಮ್ಮನೆ ತಿರುಚಿ ಟೇಪ್ ಸುತ್ತಿದ್ದ ಜೋಡಣೆ ಸಿಕ್ಕಿತು. ಕಲಬುರಗಿಯ ಬೇಸಿಗೆಗೂ ಎಂಜಿನ್ನಿನ ಕಾವಿಗೂ ಟೇಪಿನ ಅಂಟು ಕರಗಿ ಜಾರಿತ್ತು. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ, ಅಲ್ಲಲ್ಲಿ ಹಸಿರು ಕಿಲುಬು ಹಿಡಿದಿದ್ದವು.

ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ, ಹೊಳೆಯುವ ತಾಮ್ರ ಕಾಣುವವರೆಗೆ ಎರಡೂ ಕಡೆ ಕತ್ತರಿಸಿದೆ. ಉದ್ದ ಸಾಲದಾದ್ದರಿಂದ ಅದೇ ದಪ್ಪದ ವೈರಿನ ತುಂಡೊಂದನ್ನು ತೆಗೆದುಕೊಂಡು, ಹೀಟ್ ಶ್ರಿಂಕ್ ಕೊಳವೆಗಳನ್ನು (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಮೊದಲೇ ತೂರಿಸಿಟ್ಟು, ಎರಡೂ ತುದಿಗಳನ್ನು ಕ್ರಿಂಪ್ ಮಾಡಿದೆ, ಅಂದರೆ ಲೋಹದ ತೋಳಿನೊಳಗಿಟ್ಟು ಒತ್ತಿ ಬಿಗಿದೆ. ಬೆಸುಗೆ ಬೇಡವೆಂದು ಇಲ್ಲಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಹೇಳಿದ್ದು ನನಗೆ ಸರಿಯೆನಿಸಿತು. ಬೆಸುಗೆ ಹೀರಿದ ಎಳೆಗಳು ಗಡುಸಾಗಿ, ಗಾಡಿಯ ಅದುರಿಗೆ ಬೆಸುಗೆಯ ಅಂಚಿನಲ್ಲೇ ತುಂಡಾಗುವ ಸಾಧ್ಯತೆ ಹೆಚ್ಚು. ಈಗ ಹೋಲ್ಡರ್‌ನಲ್ಲಿ 11.9 ವೋಲ್ಟ್ ಬರುತ್ತಿದೆ. ಬಲಗಡೆಯಲ್ಲೂ ಇಂಥದೇ ಟೇಪಿನ ಜೋಡಣೆಯಿದ್ದು, ಮಳೆಗಾಲಕ್ಕೆ ಮೊದಲು ಅದನ್ನೂ ಬದಲಿಸುತ್ತೇನೆ.