ಸ್ಪ್ಲೆಂಡರ್ ಕ್ಲಚ್ ಕವರ್ ಬೋಲ್ಟಿನ ತಲೆ ಸವೆದಿದೆ, ಹೇಗೆ ಬಿಚ್ಚೋದು?

ಕೆರಗೋಡು ಹುಡುಗ:
ಅಣ್ಣಂದಿರೇ, ನಮ್ಮದು 2011ರ ಸ್ಪ್ಲೆಂಡರ್. ಅಪ್ಪನ ಗಾಡಿ. ಗದ್ದೆ, ಆಲೆಮನೆ, ಮಂಡ್ಯ ಎಲ್ಲದಕ್ಕೂ ಇದೊಂದೇ. ಕ್ಲಚ್ ಜಾರುತ್ತಿತ್ತು, ಪ್ಲೇಟ್ ನಾನೇ ಹಾಕೋಣ ಅಂತ ಬೆಳಗ್ಗೆ ಕೂತೆ. ಆಯಿಲ್ ಇಳಿಸಿದೆ, ಕಿಕ್ಕರ್, ಫುಟ್‌ರೆಸ್ಟ್ ಬಿಚ್ಚಿದೆ. ಬಲಗಡೆ ಕವರಿನ ಬೋಲ್ಟ್ ಎಲ್ಲಾ ಬಂದವು, ಒಂದು ಬಿಟ್ಟು. ಮುಂದೆ, ಕೆಳಗೆ, ಸೈಲೆನ್ಸರ್ ಪೈಪ್ ಹತ್ತಿರದ್ದು. ಕೆಸರೆಲ್ಲ ಹೊಡೆಯೋದು ಅಲ್ಲಿಗೇ.

8ರ ರಿಂಗ್ ಸ್ಪ್ಯಾನರ್ ಹಾಕಿ ಎಳೆದೆ, ಜಾರಿತು. ರೋಷ ಬಂದು ಇನ್ನೊಂದು ಸಲ ಎಳೆದೆ. ಈಗ ಆರು ಮೂಲೆಯ ತಲೆ ಗೋಟಡಿಕೆ ಥರ ಗುಂಡಗಾಗಿದೆ. ಹಿಂದೆ ಸರ್ವಿಸ್ ಮಾಡಿದವರು ಯಾವ ದ್ವೇಷಕ್ಕೆ ಇಷ್ಟು ಬಿಗಿ ಮಾಡಿದ್ದರೋ! ಪಕ್ಕದ ಮನೆಯವನು ಈಜಿ ಔಟ್ (ಬೋಲ್ಟಿಗೆ ತೂತು ಹಾಕಿ, ಒಳಗೆ ಕಚ್ಚಿಸಿ ಬಿಚ್ಚೋ ಉಲ್ಟಾ ಥ್ರೆಡ್ ಟೂಲ್) ತಂದುಕೊಡ್ತೀನಿ ಅಂತಿದ್ದಾನೆ. ನಾಳೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಗಾಡಿ ಇಲ್ಲ ಅಂದ್ರೆ ಅಪ್ಪನ ಹತ್ತಿರ ಮಂಗಳಾರತಿ ಗ್ಯಾರಂಟಿ.

ಬನ್ನೂರು ಬುಲೆಟ್:
ವೈಸ್ ಗ್ರಿಪ್ಪಲ್ಲಿ (ಲಾಕ್ ಆಗೋ ಇಕ್ಕಳ) ತಲೆ ಹಿಡಿದು ತಿರುಗಿಸು. ಆಗಲಿಲ್ಲ ಅಂದ್ರೆ ಈಜಿ ಔಟ್ ಹೊಡಿ ಮಗಾ, ಐದು ನಿಮಿಷದ ಕೆಲಸ.

ಹಳೇ ರೋಡ್‌ಕಿಂಗ್, ಮೈಸೂರು:
ವೈಸ್ ಗ್ರಿಪ್ ಸರಿ. ಈಜಿ ಔಟ್ ಮಾತ್ರ ಮುಟ್ಟಬೇಡಪ್ಪ. ಅದು 6 ಎಂಎಂ ಬೋಲ್ಟ್. ನಡುವೆ 3 ಎಂಎಂ ತೂತು ಹಾಕಿದರೆ ಅದಕ್ಕೆ ಕೂರೋ ಈಜಿ ಔಟ್ ಬೆಂಕಿಕಡ್ಡಿಯಷ್ಟು ಇರುತ್ತದೆ. ಒಳಗೇ ಮುರಿದರೆ ಮುಗೀತು. ಅದು ನಿನ್ನ ಡ್ರಿಲ್ ಬಿಟ್‌ಗಿಂತ ಗಟ್ಟಿ, ಎಷ್ಟು ತಿರುಗಿಸಿದರೂ ಪಾಲಿಶ್ ಆಗುತ್ತದೆ ಅಷ್ಟೇ.

ನಾನು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿದ್ದವನು, 1996ರಲ್ಲಿ ಬಾಗಿಲು ಹಾಕುವವರೆಗೂ. ಅಲ್ಲಿ ಕಲಿತದ್ದು ಹೇಳ್ತೀನಿ. ನಿನ್ನ ಬೋಲ್ಟ್ ಒಳಗೆ ಮುರಿದಿಲ್ಲ, ಬರೀ ತಲೆ ಕೆಟ್ಟಿದೆ. ಆ ತಲೆಯನ್ನೇ ಹಾರಿಸಿಬಿಡು. ನಡುವೆ ಪಂಚ್ ಇಟ್ಟು ಬಿಟ್ ಕೂರೋಕೆ ಗುಳಿ ಹೊಡಿ, ಮೊದಲು 3ರ ಬಿಟ್, ಆಮೇಲೆ ಆರೂವರೆಯದು. ನಿಧಾನಕ್ಕೆ ತಿರುಗಿಸು, ಒಂದು ತೊಟ್ಟು ಆಯಿಲ್ ಬಿಡ್ತಾ ಇರು. ತಲೆಯಷ್ಟು ಆಳ ಹೋದ ತಕ್ಷಣ ಅದು ಬಳೆ ಥರ ಕಳಚಿ ಬಿಟ್‌ಗೇ ಸುತ್ತಿಕೊಂಡು ಬರುತ್ತದೆ. ಅಲ್ಲಿಗೆ ನಿಲ್ಲಿಸು. ಕವರ್ ಇನ್ನೂ ಮುಚ್ಚಿರೋದರಿಂದ ಪುಡಿಯೂ ಒಳಗೆ ಬೀಳಲ್ಲ, ಒರೆಸಿ ಆಮೇಲೆ ತೆಗಿ.

ಕವರನ್ನು ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟು. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆಯೋ, ಜನ್ಮವಿಡೀ ಆಯಿಲ್ ಸೋರುತ್ತದೆ. ಕವರ್ ಬಂದಮೇಲೆ ಬೋಲ್ಟಿನ ಮೋಟು ಇಂಚಿನಷ್ಟು ಹೊರಗೆ ನಿಂತಿರುತ್ತದೆ. ತಲೆ ಹೋಗಿದ್ದರಿಂದ ಎಳೆತವೂ ಹೋಯ್ತು ಅಲ್ವಾ? ಈಗ ವೈಸ್ ಗ್ರಿಪ್ ಹಾಕು. ಒಂದೇ ಕಡೆ ಎಳೀಬೇಡ. ಬಿಗಿ ಮಾಡೋ ಕಡೆಗೆ ಚೂರು, ಬಿಚ್ಚೋ ಕಡೆಗೆ ಚೂರು.

ಆಗಲೂ ಬರದಿದ್ದರೆ ಬೋಲ್ಟನ್ನಲ್ಲ, ಸುತ್ತಲಿನ ಕೇಸನ್ನು ಬಿಸಿ ಮಾಡು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಹಾಟ್ ಏರ್ ಗನ್ ಸಾಕು. ಗ್ಯಾಸ್ ಬೆಂಕಿ ಬೇಡ, ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ.

ಪಾಂಡವಪುರ ವೆಲ್ಡಿಂಗ್:
ಯಜಮಾನರು ಹೇಳಿದ್ದು ಸರಿ. ಮೋಟೂ ಕಟ್ಟಾದರೆ ಅದರ ಮೇಲೆ ಒಂದು ನಟ್ ಇಟ್ಟು ನಡುವೆ ವೆಲ್ಡ್ ತುಂಬಿಸಿಕೊಂಡು ಬಾ. ಆ ಕಾವಿಗೇ ಎಷ್ಟೋ ಬೋಲ್ಟ್ ಸಡಿಲ ಆಗುತ್ತವೆ. ಟ್ಯಾಂಕ್ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿಯೇ ಬರಬೇಕು. ಮರೆತು ಬಂದವರನ್ನು ನಾನು ವಾಪಸ್ ಕಳಿಸ್ತೀನಿ.

ಕೆರಗೋಡು ಹುಡುಗ:
ಬಂತು ಸರ್! ತಲೆ ನೀವು ಹೇಳಿದ ಹಾಗೇ ಬಳೆ ಥರ ಬಂತು. ಮೋಟು ಮಾತ್ರ ಅಲ್ಲಾಡಲಿಲ್ಲ. ಮೊಬೈಲ್ ರಿಪೇರಿ ಅಂಗಡಿ ಗೆಳೆಯನ ಹಾಟ್ ಏರ್ ತಂದು ಹತ್ತು ನಿಮಿಷ ಹಿಡಿದೆ. ಟಕ್ ಅಂತ ಒಂದು ಸದ್ದು. ಬೋಲ್ಟ್ ಮುರೀತು ಅಂತ ಎದೆ ಧಸಕ್ ಅಂದಿತು, ನೋಡಿದರೆ ತಿರುಗಿದೆ! ಥ್ರೆಡ್ ತುಂಬ ಸುಣ್ಣದ ಥರ ಬಿಳಿ ಪುಡಿ. ಅದೇನು ಸರ್? ಹೊಸ ಬೋಲ್ಟ್‌ಗೆ ಗ್ರೀಸ್ ಹಚ್ಚಬಹುದಾ?

ಹಳೇ ರೋಡ್‌ಕಿಂಗ್, ಮೈಸೂರು:
ಅದು ಅಲ್ಯೂಮಿನಿಯಂ ತುಕ್ಕು. ಉಕ್ಕು, ಅಲ್ಯೂಮಿನಿಯಂ ಎರಡೂ ತಾಗಿರೋ ಕಡೆ ನೀರು ನಿಂತರೆ ಹಾಗೇ. ಗಾಡಿಯನ್ನ ನಾಲೆಗೆ ಇಳಿಸಿ ತೊಳೀತೀಯ ತಾನೆ? ತೂತಿಗೆ 6ರ ಟ್ಯಾಪನ್ನು (ಥ್ರೆಡ್ ಕೊರೆಯೋ ಟೂಲ್) ಕೈಯಲ್ಲೇ ಒಂದು ಸಲ ಓಡಿಸಿ ಪುಡಿ ತೆಗಿ. ಥ್ರೆಡ್‌ಗೆ ಗ್ರೀಸ್ ತೆಳ್ಳಗೆ ಸವರು, ಮುದ್ದೆ ಇಡಬೇಡ. ಈ ಸೈಜಿಗೆ 10 ನ್ಯೂಟನ್ ಮೀಟರ್ ಬಿಗಿ ಸಾಕು, ಗ್ರೀಸ್ ಇದ್ದರೆ ಇನ್ನೂ ಸ್ವಲ್ಪ ಕಮ್ಮಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಚಿಕ್ಕ ಸ್ಪ್ಯಾನರ್ ಹಿಡಿ, ಮೊಣಕೈ ಆಡಬಾರದು, ಬರೀ ಮಣಿಕಟ್ಟು. ಕವರ್ ಸಂದಿಯಲ್ಲಿ ಆಯಿಲ್ ಸೋರದ ಹಾಗೆ ಕೂರೋ ಗ್ಯಾಸ್ಕೆಟ್ ಹೊಸದು ತಂದಿದ್ದೀಯ ತಾನೆ?

ಕೆರಗೋಡು ಹುಡುಗ:
ಅಯ್ಯೋ. ಇಲ್ಲ ಸರ್. ಅಂಗಡಿ ಬಾಗಿಲು ಹಾಕಿದ್ದಾರೆ.