ಫೋನಿನಲ್ಲಿ ಹಾಡು ಮಂಕಾಗಿ ಕೇಳಿಸುತ್ತಿದೆ, ಹೆಡ್‌ಫೋನ್ ಬದಲಾಯಿಸಬೇಕಾ?

ತಂಬೂರಿ_ಪ್ರಿಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಧಾರವಾಡ, ಕೆಲಸ ಬೆಂಗಳೂರಲ್ಲಿ. ದಿನಾ ಮೆಟ್ರೋದಲ್ಲಿ ಹೋಗಿ ಬರೋದಕ್ಕೇ ಒಂದೂವರೆ ಗಂಟೆ ಬೇಕು, ಹಾಡು ಕೇಳೋದು ಆಗಲೇ. ಹಿಂದೂಸ್ತಾನಿ ಜಾಸ್ತಿ, ನಡುನಡುವೆ ಭಾವಗೀತೆ. ಹೋದ ವಾರ ಊರಿಗೆ ಹೋಗಿದ್ದೆ. ಅಪ್ಪ ತಮ್ಮ ಹಳೇ ಸಿಡಿ ಪ್ಲೇಯರ್‌ನಲ್ಲಿ ಭೀಮಸೇನ ಜೋಶಿಯವರದು ಹಾಕಿದ್ದರು. ಹಿಂದಿನ ತಂಬೂರಿ ಕೋಣೆ ಪೂರ್ತಿ ತುಂಬಿಕೊಂಡಿತ್ತು, ತಬಲಾದ ಎಡಗೈ ಪೆಟ್ಟು ಎದೆಗೆ ತಾಗುವ ಹಾಗಿತ್ತು. ಇಲ್ಲಿ ಬಂದು ಅದೇ ಆಲ್ಬಂ ಫೋನಿನಲ್ಲಿ ಹಾಕಿದರೆ ತಂಬೂರಿ ಪಕ್ಕದ ಮನೆ ಮಿಕ್ಸಿ ಥರ ಎಲ್ಲೋ ದೂರದಲ್ಲಿ ಗುಯ್ ಅನ್ನುತ್ತದೆ, ತಬಲಾ ಡಬ್ಬಿ ಬಡಿದ ಹಾಗೆ.

ನನ್ನ ಹತ್ತಿರ ಇರೋದು ಎರಡು ವರ್ಷ ಹಳೆಯ ಆಂಡ್ರಾಯ್ಡ್ ಫೋನು (ಹೆಡ್‌ಫೋನ್ ಜ್ಯಾಕ್ ಇಲ್ಲ), ಸುಮಾರು ಮೂರು ಸಾವಿರದ ಬ್ಲೂಟೂತ್ ಇಯರ್‌ಬಡ್ಸ್. ಆ್ಯಪ್‌ಗೆ ದುಡ್ಡು ಕಟ್ಟಿ ಪ್ರೀಮಿಯಂ ತಗೊಂಡಿದ್ದೇನೆ. ಸುರಂಗದಲ್ಲಿ ನೆಟ್ ಕೈಕೊಡುತ್ತದೆ ಅಂತ ಎಲ್ಲಾ ಹಾಡೂ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೇನೆ. ಆ್ಯಪ್‌ನ ಈಕ್ವಲೈಜರ್ ಬೇಸ್ ಬೂಸ್ಟ್‌ನಲ್ಲಿದೆ, ಫೋನಿನ ಡಾಲ್ಬಿನೂ ಆನ್ ಇದೆ. ಇನ್ನೇನು ಬಾಕಿ?

ಆಫೀಸಿನ ಗೆಳೆಯ ಹದಿನೈದು ಸಾವಿರದ ಹೆಡ್‌ಫೋನ್ ತಗೋ ಅಂತ ತಲೆ ತಿನ್ನುತ್ತಿದ್ದಾನೆ. ತಗೊಳ್ಳಲಾ?

ಡಬಲ್_ಬೇಸ್:

ತಗೊಳ್ಳಿ ಸಾರ್, ಯೋಚನೆ ಯಾಕೆ. ಆಮೇಲೂ ಹಾಗೇ ಕೇಳಿಸಿದರೆ ನನಗೆ ಅರ್ಧ ರೇಟಿಗೆ ಕೊಡಿ.

ರಿಪೇರಿ_ಮಂಜಣ್ಣ:

ದುಡ್ಡು ಜೇಬಲ್ಲೇ ಇರಲಿ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ, ಈ ದೂರು ತಗೊಂಡು ಬರೋರನ್ನ ದಿನಾ ನೋಡುತ್ತೇನೆ.

ಮೊದಲು ಆ್ಯಪ್‌ನ ಸೆಟ್ಟಿಂಗ್ಸ್ ತೆಗೆದು ಆಡಿಯೋ ಕ್ವಾಲಿಟಿ ನೋಡಿ. ಅಲ್ಲಿ ವೈಫೈಗೆ ಒಂದು, ಮೊಬೈಲ್ ಡೇಟಾಗೆ ಒಂದು, ಡೌನ್‌ಲೋಡ್‌ಗೆ ಇನ್ನೊಂದು ಅಂತ ಬೇರೆ ಬೇರೆ ಇರುತ್ತದೆ. ಎಲ್ಲರೂ ಮೇಲಿನ ಎರಡನ್ನು ಏರಿಸಿ ಡೌನ್‌ಲೋಡನ್ನು ಮರೆತುಬಿಡುತ್ತಾರೆ. ಪ್ರೀಮಿಯಂ ಕಟ್ಟಿದ ಕೂಡಲೇ ಎಲ್ಲಾ ತಾನಾಗೇ ಮೇಲಕ್ಕೆ ಹೋಗುತ್ತದೆ ಅಂದುಕೊಂಡಿರುತ್ತಾರೆ, ಹೋಗಲ್ಲ. ಡೇಟಾ ಸೇವರ್ ಆನ್ ಇದ್ದರೆ ಅದನ್ನೂ ತೆಗೆಯಿರಿ.

ಸ್ಪಾಟಿಫೈ ಲೆಕ್ಕ ತಗೊಳ್ಳಿ. ಮಾಮೂಲಿ ಫೈಲಿಗೆ 24, 96 (ಇದೇ 'ನಾರ್ಮಲ್'), 160, 320 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಕಿಲೋಬಿಟ್ ಮಾಹಿತಿ ಅನ್ನೋ ಲೆಕ್ಕ) ಅಂತ ನಾಲ್ಕು ಮೆಟ್ಟಿಲು, ಪುಕ್ಕಟೆಯವರಿಗೆ 160ರವರೆಗೆ ಮಾತ್ರ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ದುಡ್ಡು ಕಟ್ಟಿದರೆ 256. ನಲವತ್ತು ನಿಮಿಷದ ಒಂದು ರಾಗ 96ರಲ್ಲಿ ಸುಮಾರು 29 ಎಂಬಿ, 320ರಲ್ಲಿ 96 ಎಂಬಿ. ನಿಮ್ಮ ಡೌನ್‌ಲೋಡ್‌ಗಳು ಎಷ್ಟು ಜಾಗ ತಿಂದಿವೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಹಳೇ ಡೌನ್‌ಲೋಡ್ ಎಲ್ಲಾ ಅಳಿಸಿ ಹೊಸದಾಗಿ ಇಳಿಸಿಕೊಳ್ಳಿ. ಎಷ್ಟೋ ಸಲ ಹಳೇ ಫೈಲೇ ಒಳಗೆ ಕೂತಿರುತ್ತದೆ, ನೀವು ಕೇಳುತ್ತಾ ಇರೋದು ಅದನ್ನೇ.

ಎರಡನೇದು ಇಯರ್‌ಬಡ್ಸ್‌ನ ರಬ್ಬರ್. ಡಬ್ಬಿಯಲ್ಲಿ ಸಣ್ಣದು ದೊಡ್ಡದು ಅಂತ ಮೂರು ಜೊತೆ ಕೊಟ್ಟಿರುತ್ತಾರೆ, ಯಾರೂ ತೆಗೆದೇ ನೋಡಲ್ಲ. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಬೇಸ್ ಪೂರ್ತಿ ಸೋರಿಹೋಗುತ್ತದೆ. ಹಾಡು ಹಾಕಿಕೊಂಡು ಬೆರಳಲ್ಲಿ ಮೆಲ್ಲಗೆ ಒಳಗೆ ಒತ್ತಿ ನೋಡಿ. ಒತ್ತಿದಾಗ ಬೇಸ್ ಬಂತು ಅಂದರೆ ರಬ್ಬರ್ ಬದಲಾಯಿಸಿ, ಈಕ್ವಲೈಜರ್ ಮುಟ್ಟಬೇಡಿ. ಜಾಲರಿಯಲ್ಲಿ ಕಿವಿ ಗುಗ್ಗೆ ಕಟ್ಟಿಕೊಂಡಿದೆಯಾ ಅಂತಲೂ ನೋಡಿ, ನಾಚಿಕೆ ಬೇಡ.

ಅನುಸ್ವಾರ:

ಮಂಜಣ್ಣ ಹೇಳಿದ್ದು ಸರಿ. ಆದರೆ ಪ್ರಶ್ನೆಯಲ್ಲೇ ಇನ್ನೊಂದು ವಿಷಯ ಇದೆ, ಯಾರೂ ಗಮನಿಸಲಿಲ್ಲ. ಅಪ್ಪನ ಮನೆಯಲ್ಲಿ ಕೇಳಿದ್ದು ಸದ್ದಿಲ್ಲದ ಕೋಣೆಯಲ್ಲಿ, ಇಲ್ಲಿ ಕೇಳುತ್ತಿರೋದು ಓಡುವ ಮೆಟ್ರೋದಲ್ಲಿ. ರೈಲಿನ ಗಡಗಡ ಇರೋದು ತಬಲಾದ ಎಡಗೈ ಸದ್ದು ಇರುವ ಕೆಳಸ್ವರದ ಜಾಗದಲ್ಲೇ, ಅದು ಇದನ್ನು ನುಂಗುತ್ತದೆ. ರಾತ್ರಿ ಫ್ಯಾನ್ ಆರಿಸಿ ಅದೇ ಹಾಡು ಕೇಳಿ, ಆಮೇಲೆ ತೀರ್ಮಾನ ಮಾಡಿ.

ತಂಬೂರಿಯೇ ಮೊದಲು ಮಾಯವಾಗಿದ್ದಕ್ಕೂ ಕಾರಣ ಇದೆ. ಎಂಪಿ3, ಎಎಸಿ ಥರದವು ಫೈಲ್ ಸಣ್ಣದು ಮಾಡೋದು ಹೇಗೆ ಅಂದರೆ, ಜೋರಾದ ಸದ್ದಿನ ಹಿಂದೆ ಅಡಗಿರುವ ಮೆಲ್ಲನೆ ಸದ್ದು ಕಿವಿಗೆ ಹೇಗೂ ಸರಿಯಾಗಿ ತಿಳಿಯಲ್ಲ ಅಂತ ಅದನ್ನು ಒರಟಾಗಿ ಬರೆದುಕೊಳ್ಳುತ್ತವೆ, ಇಲ್ಲ ಬಿಟ್ಟೇಬಿಡುತ್ತವೆ. 320ರಲ್ಲಿ ಈ ಮೋಸ ಹಿಡಿಯೋದು ತುಂಬಾ ಕಷ್ಟ. 96ಕ್ಕೆ ಇಳಿದರೆ ಗಾಯಕರ ಹಿಂದೆ ಸದ್ದಿಲ್ಲದೆ ಮಿಡಿಯುತ್ತಿರುವ ತಂಬೂರಿಗೇ ಮೊದಲು ಕತ್ತರಿ.

ಇನ್ನು ಆ ಬೇಸ್ ಬೂಸ್ಟ್ ಮತ್ತು ಡಾಲ್ಬಿ. ಎರಡನ್ನೂ ಆರಿಸಿ. ಆ್ಯಪ್‌ನಲ್ಲಿ ಒಂದು ಸಲ, ಫೋನಿನಲ್ಲಿ ಇನ್ನೊಂದು ಸಲ, ಇಯರ್‌ಬಡ್ಸ್ ಆ್ಯಪ್‌ನಲ್ಲಿ ಮೂರನೇ ಸಲ, ಹೀಗೆ ಮೂರು ಜನ ಒಂದೇ ಸಾರಿಗೆ ಉಪ್ಪು ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಬೇಸ್ ಏರಿಸಿದಾಗ ಸದ್ದಿನ ಮಟ್ಟ ಮಿತಿ ದಾಟಿದರೆ ತುದಿ ಕತ್ತರಿಸಿಹೋಗಿ ಗರಗರ ಅನ್ನುತ್ತದೆ. ಈಕ್ವಲೈಜರ್ ಬೇಕೇ ಬೇಕು ಅಂದರೆ ಒಂದೇ ಕಡೆ ಇಟ್ಟುಕೊಳ್ಳಿ, ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ.

ವಾಲ್ಯೂಮ್ ನಾರ್ಮಲೈಜೇಶನ್ (ಎಲ್ಲಾ ಹಾಡನ್ನೂ ಒಂದೇ ಸದ್ದಿನ ಮಟ್ಟಕ್ಕೆ ತರೋ ಸೆಟ್ಟಿಂಗ್) 'ಲೌಡ್'ನಲ್ಲಿದ್ದರೆ ನಾರ್ಮಲ್‌ಗೆ ತನ್ನಿ. ಲೌಡ್‌ನಲ್ಲಿ ಜೋರು ಭಾಗವನ್ನು ಒತ್ತಿಹಿಡಿಯುತ್ತದೆ. ಮೆಲ್ಲಗೆ ಆಲಾಪದಲ್ಲಿ ಶುರುವಾಗಿ ತಾನಿನಲ್ಲಿ ಭುಗಿಲೇಳುವ ಸಂಗೀತಕ್ಕೆ ಇದು ಶುದ್ಧ ಅನ್ಯಾಯ. ಕ್ರಾಸ್‌ಫೇಡ್ ಕೂಡ ಸೊನ್ನೆ ಮಾಡಿ, ಇಲ್ಲದಿದ್ದರೆ ನಿಧಾನದ ವಿಲಂಬಿತ್ ಮುಗಿಯುವ ಮೊದಲೇ ವೇಗದ ದ್ರುತ್ ಮೇಲೆ ಬಂದು ಕೂರುತ್ತದೆ.

ಕಾಫಿತೋಟ_ಚಿಕ್ಕಮಗಳೂರು:

ಬ್ಲೂಟೂತ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ. ಆ್ಯಪ್ 320 ಕೊಟ್ಟರೂ ಫೋನು ಅದನ್ನು ಬಿಚ್ಚಿ, ಮತ್ತೆ ಕುಗ್ಗಿಸಿ ಗಾಳಿಯಲ್ಲಿ ಕಳಿಸುತ್ತದೆ. ಹೀಗೆ ಕುಗ್ಗಿಸೋ ವಿಧಾನಗಳಲ್ಲಿ ಎಸ್‌ಬಿಸಿ ಎಲ್ಲಾ ಸಾಧನದಲ್ಲೂ ಇರೋದು, ಐಫೋನಿನಲ್ಲಿ ಎಎಸಿ. ಸೋನಿಯವರ ಎಲ್‌ಡ್ಯಾಕ್ 2017ರ ಆಂಡ್ರಾಯ್ಡ್ 8ರಿಂದ ಆಂಡ್ರಾಯ್ಡ್ ಒಳಗೇ ಇದೆ, 990 ಕೆಬಿಪಿಎಸ್‌ವರೆಗೆ ಹೋಗುತ್ತದೆ. ಆದರೆ ಇಯರ್‌ಬಡ್ಸ್‌ನಲ್ಲೂ ಇರಬೇಕು.

ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಬಡ್ಸ್ ಹೆಸರಿನ ಪಕ್ಕದ ಚಕ್ರ ಒತ್ತಿ, ಎಲ್‌ಡ್ಯಾಕ್ ಅಥವಾ ಎಚ್‌ಡಿ ಆಡಿಯೋ ಅಂತ ಸ್ವಿಚ್ ಇದ್ದರೆ ಆನ್ ಮಾಡಿ. ಇನ್ನೊಂದು ಮಾತು, ಫೋನಿಗೂ ಲ್ಯಾಪ್‌ಟಾಪಿಗೂ ಒಟ್ಟಿಗೆ ಜೋಡಿಸಿಟ್ಟಿದ್ದರೆ ಎಷ್ಟೋ ಇಯರ್‌ಬಡ್ಸ್‌ನಲ್ಲಿ ಎಲ್‌ಡ್ಯಾಕ್ ಕೆಲಸ ಮಾಡಲ್ಲ. ನನ್ನ ಕಿವಿಗೆ ಎಸ್‌ಬಿಸಿಗೂ ಇದಕ್ಕೂ ಹಗಲು ರಾತ್ರಿ ವ್ಯತ್ಯಾಸ.

ಅನುಸ್ವಾರ:

@ಕಾಫಿತೋಟ ಹಗಲು ರಾತ್ರಿ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಯಾವುದು ಓಡುತ್ತಿದೆ ಅಂತ ಗೊತ್ತಿದ್ದರೆ ಕಿವಿ ಮೊದಲೇ ಪಕ್ಷ ಕಟ್ಟುತ್ತದೆ. ನಾನು ಮಗಳ ಕೈಗೆ ಫೋನ್ ಕೊಟ್ಟು, ಹೇಳದೆ ಬದಲಾಯಿಸು ಅಂದೆ. ಹತ್ತರಲ್ಲಿ ಆರು ಸರಿ ಹೇಳಿದೆ, ಅಂದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ, ಒಂದು ಚೂರು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನಿಸುತ್ತದೆ.

ಕಾಫಿತೋಟ_ಚಿಕ್ಕಮಗಳೂರು:

ಸರಿ ಮೇಡಂ, ಹಗಲು ಸಂಜೆ ಅಂತ ಇಟ್ಟುಕೊಳ್ಳೋಣ. ನಮ್ಮ ತೋಟದಲ್ಲಿ ಸದ್ದು ಮಾಡೋದು ಜೀರುಂಡೆ ಮಾತ್ರ, ಮೆಟ್ರೋ ಇಲ್ಲ.

ತಂಬೂರಿ_ಪ್ರಿಯ:

ಮಂಜಣ್ಣ, ನೀವು ಹೇಳಿದ ಹಾಗೇ ಆಯ್ತು! ಸ್ಟ್ರೀಮಿಂಗ್ ಎರಡೂ ಮೇಲಿನ ಮಟ್ಟದಲ್ಲಿದೆ, ಡೌನ್‌ಲೋಡ್ ಮಾತ್ರ 'ನಾರ್ಮಲ್'. ಒಂದೂವರೆ ವರ್ಷದಿಂದ ದುಡ್ಡು ಕಟ್ಟಿಕೊಂಡು ನಾನು ಕೇಳಿದ್ದು 96 ಕೆಬಿಪಿಎಸ್. ಎಲ್ಲಾ ಅಳಿಸಿ ಇಳಿಸುತ್ತಿದ್ದೇನೆ. ನನ್ನ ಇಯರ್‌ಬಡ್ಸ್‌ನಲ್ಲಿ ಎಲ್‌ಡ್ಯಾಕ್ ಇಲ್ಲ, ಎಎಸಿ ತೋರಿಸುತ್ತಿದೆ. ಲಾಸ್‌ಲೆಸ್ (ಸದ್ದಿನಲ್ಲಿ ಏನೂ ಬಿಡದೆ ಇಟ್ಟಿರೋ ಫೈಲ್) ತಗೊಂಡರೆ ಉಪಯೋಗ ಇದೆಯಾ? ವೈರ್ ಇಯರ್‌ಫೋನ್ ಒಂದು ಮನೆಯಲ್ಲಿ ಬಿದ್ದಿದೆ.

ರಿಪೇರಿ_ಮಂಜಣ್ಣ:

ಈ ಬ್ಲೂಟೂತ್ ಇಟ್ಟುಕೊಂಡು ಲಾಸ್‌ಲೆಸ್‌ಗೆ ಅಂತ ಜಾಸ್ತಿ ದುಡ್ಡು ಕಟ್ಟಬೇಡಿ, ದಾರಿಯಲ್ಲೇ ಕುಗ್ಗಿಹೋಗುತ್ತದೆ. ಆ್ಯಪಲ್ ಮ್ಯೂಸಿಕ್‌ನವರು 2021ರಿಂದ ಬೇರೆ ದುಡ್ಡಿಲ್ಲದೆ ಕೊಡುತ್ತಿದ್ದಾರೆ, ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿತು. ಸಿಡಿ ಅಂದರೆ 16 ಬಿಟ್, 44.1 ಕಿಲೋಹರ್ಟ್ಜ್, ಅಷ್ಟು ಸಿಕ್ಕರೆ ಕಿವಿಗೆ ಧಾರಾಳ ಸಾಕು. 192 ಕಿಲೋಹರ್ಟ್ಜ್ ಅಂತ ತೋರಿಸೋದೆಲ್ಲಾ ಡೇಟಾ ಖಾಲಿ ಮಾಡೋಕೆ.

ಆ ವೈರ್ ಇಯರ್‌ಫೋನ್ ಹುಡುಕಿ ತೆಗೆಯಿರಿ. ಜ್ಯಾಕ್ ಇಲ್ಲದ ಫೋನಿಗೆ ಅದನ್ನು ಜೋಡಿಸೋ ಟೈಪ್ ಸಿ ಡಾಂಗಲ್ ತಗೊಳ್ಳುವಾಗ ಮಾತ್ರ ಹುಷಾರು. ಕೆಲವು ಫೋನು ಅದೇ ರಂಧ್ರದಿಂದ ಅನಲಾಗ್ ಸದ್ದನ್ನೇ ಕಳಿಸುತ್ತವೆ, ಅವಕ್ಕೆ ಸಾದಾ ಅಡಾಪ್ಟರ್ ನಡೆಯುತ್ತದೆ. ಮಿಕ್ಕವು ಡಿಜಿಟಲ್ ಮಾತ್ರ ಕೊಡುತ್ತವೆ, ಅವಕ್ಕೆ ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ಲನ್ನು ಅನಲಾಗ್ ಮಾಡೋದು) ಇರುವ ಡಾಂಗಲ್ಲೇ ಬೇಕು. ಗೊತ್ತಾಗದಿದ್ದರೆ ಡ್ಯಾಕ್ ಇರೋದನ್ನೇ ಕೇಳಿ. ನೂರು ರೂಪಾಯಿದು ತಗೊಂಡು, ಸದ್ದೇ ಬರಲ್ಲ, ಫೋನು ಕೆಟ್ಟಿದೆ ಅಂತ ನನ್ನ ಅಂಗಡಿಗೆ ಬಂದವರು ಎಷ್ಟೋ ಜನ.

ಹಳೇ_ರೇಡಿಯೋ:

ತಡವಾಗಿ ಬಂದೆ. ಹಿಂದೂಸ್ತಾನಿ ಅಂದಿದ್ದಕ್ಕೆ ಒಂದು ಮಾತು. ಮೂಲವೇ ಹಾಗಿದ್ದರೆ ಆ್ಯಪ್ ಏನು ಮಾಡೀತು? ಮಲ್ಲಿಕಾರ್ಜುನ ಮನ್ಸೂರರ ಮೊದಲ ರೆಕಾರ್ಡುಗಳು 78 ಆರ್‌ಪಿಎಂ ಪ್ಲೇಟುಗಳು, ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅದನ್ನು ಲಾಸ್‌ಲೆಸ್‌ನಲ್ಲಿ ಕೇಳಿದರೆ ಸೂಜಿಯ ಚರಚರ ಲಾಸ್‌ಲೆಸ್ ಆಗಿ ಕೇಳಿಸುತ್ತದೆ. ಅದೂ ನನಗೆ ಇಷ್ಟವೇ ಅನ್ನಿ. ಆದರೆ ಆ ಚರಚರ ತೆಗೆಯುತ್ತೇವೆ ಅಂತ ಕೆಲವರು ಎಷ್ಟು ಉಜ್ಜಿರುತ್ತಾರೆ ಅಂದರೆ ಅದರ ಜೊತೆ ತಂಬೂರಿಯ ಝೇಂಕಾರವೂ ಹೋಗಿರುತ್ತದೆ. ಒಂದೇ ರಾಗ ಎರಡು ಮೂರು ಆಲ್ಬಂನಲ್ಲಿ ಇದ್ದರೆ ಎಲ್ಲವನ್ನೂ ಎರಡು ನಿಮಿಷ ಕೇಳಿ ನೋಡಿ ಆರಿಸಿಕೊಳ್ಳಿ. ಯಾರೋ ಕ್ಯಾಸೆಟ್‌ನಿಂದ ಇಳಿಸಿ ಹಾಕಿರೋದಕ್ಕಿಂತ ಕಂಪನಿಯವರೇ ಹಾಕಿರೋದು ಸಾಮಾನ್ಯವಾಗಿ ಮೇಲು, ಯಾವಾಗಲೂ ಅಲ್ಲ.

ತಂಬೂರಿ_ಪ್ರಿಯ:

ವಾರದ ಮೇಲೆ ಬಂದು ಬರೆಯುತ್ತಿದ್ದೇನೆ. ಡೌನ್‌ಲೋಡ್ 1.1 ಜಿಬಿ ಇದ್ದದ್ದು 3.7 ಜಿಬಿ ಆಯ್ತು. ಡಾಲ್ಬಿ, ಬೇಸ್ ಬೂಸ್ಟ್ ಎರಡೂ ಆಫ್. ಮೊದಲ ಎರಡು ದಿನ ಏನೋ ಸಪ್ಪೆ ಅನಿಸಿತು, ಮೂರನೇ ದಿನ ಹಳೇದಕ್ಕೆ ಹಾಕಿ ನೋಡಿದರೆ ತಲೆನೋವು ಬಂತು. ಎಡಗಿವಿಗೆ ದೊಡ್ಡ ರಬ್ಬರ್, ಬಲಗಿವಿಗೆ ಮಧ್ಯದ್ದು ಸರಿಹೋಯ್ತು. ಎರಡು ಕಿವಿಯೂ ಒಂದೇ ಅಳತೆ ಅಲ್ಲ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಖರ್ಚಾಗಿದ್ದು ಡಾಂಗಲ್‌ಗೆ ಒಂಬೈನೂರು ಮಾತ್ರ.

ರಾತ್ರಿ ಊಟ ಆದ ಮೇಲೆ ವೈರ್ ಹಾಕಿಕೊಂಡು ಅದೇ ಆಲ್ಬಂ ಕೇಳಿದೆ. ತಂಬೂರಿ ವಾಪಸ್ ಬಂದಿದೆ, ಅಪ್ಪನ ಕೋಣೆಯಲ್ಲಿ ತುಂಬಿದ ಹಾಗಲ್ಲ, ತಲೆಯ ಒಳಗೆ. ಮೆಟ್ರೋದಲ್ಲಿ ಈಗಲೂ ಅರ್ಧ ರೈಲೇ ಹಾಡುತ್ತದೆ, ಅದಕ್ಕೆ ಅಲ್ಲಿ ಭಾವಗೀತೆ ಮಾತ್ರ, ರಾಗ ಎಲ್ಲಾ ಮನೆಗೆ ಬಂದ ಮೇಲೆ.