ರಾಯಚೂರಿನಲ್ಲಿ ಬಾಡಿಗೆ ಮನೆ: ಅಡುಗೆಮನೆ ಆಮೇಲೆ, ಮೊದಲು ಸಂಪು ನೋಡಿ

ಪ್ರಶ್ನೆ

ವಕೀಲ ಸರ್, ನಮಸ್ಕಾರ. ನನಗೆ ಶಿವಮೊಗ್ಗದಿಂದ ರಾಯಚೂರಿನ ಕಾಲೇಜಿಗೆ ವರ್ಗವಾಗಿದೆ. ನಾನು, ನಮ್ಮ ಮನೆಯವರು, ನಾಲ್ಕು ವರ್ಷದ ಮಗ. ಎರಡು ಮನೆ ನೋಡಿದ್ದೇವೆ. ಒಂದು ಲಿಂಗಸುಗೂರು ರಸ್ತೆ ಕಡೆ ಅಪಾರ್ಟ್‌ಮೆಂಟು. ಮೂರನೇ ಮಹಡಿ, ಅದರ ಮೇಲೆ ಬರೀ ತಾರಸಿ. ಬಾಡಿಗೆ 11 ಸಾವಿರ, ಅಡ್ವಾನ್ಸ್ 50 ಸಾವಿರ. ಇನ್ನೊಂದು ನಿಜಲಿಂಗಪ್ಪ ಕಾಲೋನಿಯಲ್ಲಿ, ಕೆಳಗಿನ ಮನೆ. ಅದರ ಮಾಲೀಕರು ಬಾಡಿಗೆ ಬೇಡ, 5 ಲಕ್ಷ ಕೊಟ್ಟು 3 ವರ್ಷ ಲೀಸಿಗೆ ಇರಿ, ಬಿಡುವಾಗ ಆ ದುಡ್ಡು ವಾಪಸ್ ಅನ್ನುತ್ತಾರೆ. ಬರೆದುಕೊಡುವುದು ಮಾತ್ರ 11 ತಿಂಗಳ ಬಾಡಿಗೆ ಕರಾರು. ಯಾವುದು ಹಿಡಿಯಲಿ? ಅಂದಹಾಗೆ ಎರಡು ನದಿ ಇರುವ ಊರು, ನೀರಿಗೆ ತೊಂದರೆ ಇರಲ್ಲ ಅಲ್ವಾ?

ವಕೀಲರ ಉತ್ತರ

ನೀರಿನಿಂದಲೇ ಶುರು ಮಾಡುತ್ತೇನೆ ಮೇಡಂ. ಕೃಷ್ಣಾ ನಮ್ಮ ಉತ್ತರಕ್ಕೆ, ತುಂಗಭದ್ರಾ ದಕ್ಷಿಣಕ್ಕೆ. ಊರು ನಡುವೆ ಕೂತಿದೆ, ಎರಡೂ ಊರೊಳಗೆ ಹರಿಯುವುದಿಲ್ಲ. ಕೃಷ್ಣೆಯನ್ನು ನೋಡಬೇಕೆಂದರೆ ಶಕ್ತಿನಗರ, ದೇವಸೂಗೂರು ಕಡೆ ಹೋಗಬೇಕು. ನಿಮ್ಮಲ್ಲಿ ತುಂಗೆ ಊರೊಳಗೇ ಹರಿಯುತ್ತಾಳೆ. ಇಲ್ಲಿ ಯಾರೂ "ನಿಮ್ಮ ಏರಿಯಾದಲ್ಲಿ ನದಿ ಎಷ್ಟು ದೂರ" ಅಂತ ಕೇಳುವುದಿಲ್ಲ, "ನಲ್ಲಿ ಎಷ್ಟು ದಿನಕ್ಕೊಮ್ಮೆ" ಅಂತ ಕೇಳುತ್ತಾರೆ.

ಹಾಗಾಗಿ ಮನೆ ನೋಡಲು ಹೋದಾಗ ಅಡುಗೆಮನೆಗೆ ನುಗ್ಗಬೇಡಿ. ಮೊದಲು ಸಂಪಿನ ಮುಚ್ಚಳ ತೆಗೆಸಿ. ಸಂಪು ಎಷ್ಟು ಲೀಟರಿನದು? ಎಷ್ಟು ಮನೆಗೆ ಅದೊಂದೇ? ಮೋಟಾರು ಯಾರು ಹಾಕುತ್ತಾರೆ, ಅದರ ಕರೆಂಟು ಯಾರ ಮೀಟರಿನಲ್ಲಿ ಓಡುತ್ತದೆ? ಉತ್ತರವನ್ನು ಮಾಲೀಕರಿಂದ ಅಲ್ಲ, ಪಕ್ಕದ ಮನೆಯ ಹೆಂಗಸರಿಂದ ಕೇಳಿ. ಬೋರ್ ಇದೆ ಅಂದರೆ ಬಳಸುವುದಕ್ಕೆ ಸರಿ. ನಮ್ಮ ಜಿಲ್ಲೆಯಲ್ಲಿ ಬಹಳ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಗು ಬೇರೆ ಇದೆ, ಕುಡಿಯಲು ಅದು ಬೇಡ. 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಇದೇ ಊರಿನಲ್ಲಿ ಜನ ಸತ್ತಿದ್ದಾರೆ. ಅಂದಿನಿಂದ ನಮ್ಮ ಮನೆಯಲ್ಲಿ ನಲ್ಲಿ ನೀರನ್ನೂ ಕಾಯಿಸದೆ ಕುಡಿಯುವುದಿಲ್ಲ.

ಈಗ ಲೀಸು. ಇದನ್ನು ಸ್ವಲ್ಪ ಸಾವಕಾಶ ಓದಿ.

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. 1908ರ ನೋಂದಣಿ ಕಾಯ್ದೆ, 17ನೇ ಕಲಂ. ಎಲ್ಲರೂ 11 ತಿಂಗಳ ಕರಾರು ಬರೆಯುವುದು ಇದನ್ನು ತಪ್ಪಿಸಲಿಕ್ಕೇ. ಮಾಮೂಲಿ ಬಾಡಿಗೆಗೆ ಅದು ನಡೆಯುತ್ತದೆ. ಆದರೆ 3 ವರ್ಷದ ಮಾತು ಬಾಯಲ್ಲಿ, 11 ತಿಂಗಳು ಕಾಗದದಲ್ಲಿ ಅಂದರೆ ಹನ್ನೆರಡನೇ ತಿಂಗಳು ನಿಮ್ಮ ಕೈಯಲ್ಲಿ ಏನಿದೆ? ಇನ್ನೊಂದು ಆಟವಿದೆ. ಬಾಂಡಿನಲ್ಲಿ "ಬಾಡಿಗೆ 8 ಸಾವಿರ, ಅಡ್ವಾನ್ಸ್ 5 ಲಕ್ಷ" ಅಂತ ಬರೆಯುತ್ತಾರೆ. ಸುಮ್ನೆ ಲೆಕ್ಕಕ್ಕೆ ಅಂತಾರೆ. ನೀವು ಬಾಡಿಗೆ ಕೊಡುವುದೇ ಇಲ್ಲ. ನಾಳೆ ಜಗಳವಾದರೆ ಅದೇ ಬಾಂಡು ಹಿಡಿದು ಬಾಕಿ ಬಾಡಿಗೆ ಕೇಳಬಹುದು!

ಎಲ್ಲಕ್ಕಿಂತ ದೊಡ್ಡದು ಸಾಲ. ಒಬ್ಬ ಮಾಲೀಕ ಒಮ್ಮೆಲೇ 5 ಲಕ್ಷ ಕೇಳುತ್ತಾನೆ ಅಂದರೆ ಅವನಿಗೆ ದುಡ್ಡಿನ ಅಡಚಣೆ ಇದೆಯಾ ಅಂತ ಅನುಮಾನ ಪಡಲೇಬೇಕು. ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದು ಕಂತು ನಿಂತರೆ, ಬ್ಯಾಂಕಿನ ಹಕ್ಕು ಮೊದಲು, ನಿಮ್ಮದು ಆಮೇಲೆ. ನನ್ನ ಹತ್ತಿರ ಬಂದ ಒಂದು ಕುಟುಂಬಕ್ಕೆ ಸಾಲದ ಸುದ್ದಿ ಗೊತ್ತಾದದ್ದು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ. ಮನೆ ಬಿಟ್ಟರು, ದುಡ್ಡಿಗೆ ಇನ್ನೂ ಓಡಾಡುತ್ತಿದ್ದಾರೆ.

ಇ.ಸಿ. (ಆಸ್ತಿಯ ಮೇಲಿನ ಋಣಭಾರ ಪ್ರಮಾಣಪತ್ರ) ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದೊಂದೇ ಸಾಕಾಗುವುದಿಲ್ಲ, ಮನೆಯ ಮೂಲ ಪತ್ರ ಅಡವಿಟ್ಟು ತೆಗೆದ ಸಾಲ ಇ.ಸಿ.ಯಲ್ಲಿ ಕಾಣದೇ ಇರಬಹುದು. "ಮೂಲ ಪತ್ರ ಒಮ್ಮೆ ತೋರಿಸಿ" ಅನ್ನಿ. ಜೆರಾಕ್ಸ್ ಅಲ್ಲ, ಮೂಲ.

ಈ ಪ್ರಶ್ನೋತ್ತರ ಗುಂಪಿನ ಸದಸ್ಯೆಯೊಬ್ಬರು

ಅಕ್ಕಾ, ನಡುವೆ ಬಾಯಿ ಹಾಕಿದೆ ಅಂತ ಬೇಜಾರಾಗಬೇಡಿ. ಮೇಲೆ ಬರೀ ತಾರಸಿ ಇರುವ ಮನೆ ಮಾತ್ರ ಬೇಡ. ನಾವು ಧಾರವಾಡದಿಂದ ಬಂದು ಒಂದು ಬೇಸಿಗೆ ಹಾಗೇ ಕಳೆದೆವು. ಏಪ್ರಿಲ್‌ನಲ್ಲೇ ಬಿಸಿಲು 40 ಡಿಗ್ರಿ ದಾಟುತ್ತೆ. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ರೊಟ್ಟಿ ಹೆಂಚು. ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟುವ ಹಾಗಿಲ್ಲ, ಸಂಜೆಯ ಸ್ನಾನಕ್ಕೆ ಬೆಳಿಗ್ಗೆಯೇ ಬಕೆಟ್ ತುಂಬಿಡುತ್ತಿದ್ದೆ. ಕೂಲರ್ ಇಡಲು ಕಿಟಕಿ ಇದೆಯಾ ನೋಡಿಕೊಳ್ಳಿ. ಇನ್ನುಳಿದಂತೆ ಊರು ಒಳ್ಳೇದು. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ರೂಢಿಯಾದರೆ ಅವಲಕ್ಕಿ ನೆನಪಾಗಲ್ಲ. ತೀನ್ ಕಂದೀಲ್ ಕಡೆ ಸಂತೆಗೆ ಹೋದರೆ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಕಲಿಯುತ್ತೀರಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಕೂಲರ್ ಅಂದಾಗ ನೆನಪಾಯಿತು. ಶಿವಮೊಗ್ಗದಲ್ಲಿ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇತ್ತು, ಬಿಲ್ ಸೊನ್ನೆ. ಇಲ್ಲೂ ಹಾಗೇ ಮುಂದುವರಿಯುತ್ತಾ?

ವಕೀಲರ ಉತ್ತರ

ತಾನಾಗಿ ಮುಂದುವರಿಯುವುದಿಲ್ಲ. ಹಳೇ ಮನೆಯ ಆರ್.ಆರ್. ನಂಬರಿನಿಂದ (ಕರೆಂಟು ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ನಿಮ್ಮ ಆಧಾರ್ ಬಿಡಿಸಿ, ಹೊಸ ಮನೆಯ ನಂಬರಿಗೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ಇಲ್ಲಿ ಕರೆಂಟು ಕಂಪನಿ ಜೆಸ್ಕಾಂ. ಹಿಂದಿನ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಯಾದರೆ ತಿಂಗಳಿಗೆ 58 ಯೂನಿಟ್ ಉಚಿತ. ಅದಕ್ಕಿಂತ ಜಾಸ್ತಿ ಸುಟ್ಟರೆ ಜಾಸ್ತಿಯಾದಷ್ಟಕ್ಕೆ ಬಿಲ್. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಎ.ಸಿ. ಹಾಕಿಸಿದರೆ ಮೇ ತಿಂಗಳಲ್ಲಿ ದಾಟಿಯೇ ದಾಟುತ್ತೀರಿ, ಸುಳ್ಳು ಆಸೆ ಬೇಡ. ಮೀಟರು ನಿಮ್ಮ ಮನೆಗೇ ಬೇರೆ ಇದೆಯಾ ಅನ್ನುವುದು ಮುಖ್ಯ. ಎರಡು ಮನೆಗೆ ಒಂದೇ ಮೀಟರಿದ್ದರೆ ಈ ಲೆಕ್ಕವೆಲ್ಲ ಕೆಟ್ಟಿತು.

ಕರಾರಿನಲ್ಲಿ ಮೂರು ಮಾತು ಬರೆಸಿ: ಅಡ್ವಾನ್ಸ್ ಯಾವಾಗ ವಾಪಸ್, ಬಣ್ಣಕ್ಕೆ ಅಂತ ಎಷ್ಟು ಹಿಡಿಯಬಹುದು, ಬಿಡುವ ಮೊದಲು ಎಷ್ಟು ದಿನ ತಿಳಿಸಬೇಕು. ದುಡ್ಡು ಖಾತೆಗೇ ಹಾಕಿ, ಕೈಗೆ ಕೊಡಬೇಡಿ. ಒಳಗೆ ಹೋದ ದಿನ ಮನೆಯ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ನಂತರ ಗೋಡೆಯ ಬಿರುಕು ಯಾರದು ಅನ್ನುವ ಜಗಳ ಇರುವುದಿಲ್ಲ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ)

ಸರ್, ಲೀಸಿನವರನ್ನು ಮೂಲ ಪತ್ರ ಕೇಳಿದೆ. "ಅಣ್ಣನ ಹತ್ತಿರ ಇದೆ, ಅಣ್ಣ ಹೈದರಾಬಾದಿನಲ್ಲಿದ್ದಾನೆ" ಅಂದರು. ಏನು ಮಾಡಲಿ?

ವಕೀಲರ ಉತ್ತರ

ಅಣ್ಣ ಬರುವವರೆಗೆ ಒಂದು ರೂಪಾಯಿ ಟೋಕನ್ ಕೂಡ ಕೊಡಬೇಡಿ. ಆಸ್ತಿ ಪಾಲಾಗಿಲ್ಲದಿದ್ದರೆ ಆ ಅಣ್ಣನ ಸಹಿಯೂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಸರಿ ಸರ್. ಅದೇ ಅಪಾರ್ಟ್‌ಮೆಂಟಿನಲ್ಲಿ ಒಂದನೇ ಮಹಡಿ ಮುಂದಿನ ತಿಂಗಳು ಖಾಲಿಯಾಗುತ್ತಂತೆ. ಬಾಡಿಗೆ 500 ಜಾಸ್ತಿ. ಇವತ್ತು ಸಂಜೆ ಸಂಪಿನ ಮುಚ್ಚಳ ತೆಗೆಸಲು ಹೋಗುತ್ತಿದ್ದೇವೆ.